ಬದನೆಗೆ ಕೆಂಪು ನುಸಿ: ಇಮಿಡಾಕ್ಲೋಪ್ರಿಡ್ ಹೊಡೆದ ಮೇಲೆ ಜಾಸ್ತಿ ಆಯ್ತು

ಪ್ರಶ್ನೆ: ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ. ಎರಡು ಸಲ ಇಮಿಡಾಕ್ಲೋಪ್ರಿಡ್ ಕೀಟನಾಶಕ ಹೊಡೆದಾಯ್ತು, ಕಡಿಮೆಯಾಗ್ತಿಲ್ಲ. ಗಂಧಕ ಹೊಡೆಯಬಹುದಾ?

ಉತ್ತರ 1: ನುಸಿ ಕೀಟವಲ್ಲ ಸರ್, ಎಂಟು ಕಾಲಿನ ಜೇಡದ ಬಳಗ. ಇಮಿಡಾಕ್ಲೋಪ್ರಿಡ್ ಅದನ್ನು ಕೊಲ್ಲೋದಿಲ್ಲ. ನುಸಿ ತಿನ್ನುವ ಮಿತ್ರಕೀಟಗಳಿಗೇ ಪೆಟ್ಟು. ನೀರಲ್ಲಿ ಕರಗುವ ಗಂಧಕ 80% ಆದರೆ ಲೀಟರಿಗೆ 3 ಗ್ರಾಂ, ಸಂಜೆ ಹೊತ್ತು. ಬಿಸಿಲು 32 ಡಿಗ್ರಿ ದಾಟಿದರೆ ಎಲೆ ಸುಡುತ್ತೆ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟು ಗಂಧಕ ಹೊಡೆಯಿರಿ.

ಉತ್ತರ 2: ಬಲೆ ಕಟ್ಟಿದ ಮೇಲೆ ಗಂಧಕ ಸಾಲದು. ನುಸಿನಾಶಕ ಸ್ಪೈರೋಮೆಸಿಫೆನ್ 22.9 ಎಸ್‌ಸಿ (ನೀರಿಗೆ ಬೆರೆಸುವ ದ್ರವ ರೂಪ) ಲೀಟರಿಗೆ 0.8 ಮಿ.ಲೀ. ಇದು ಮೊಟ್ಟೆ, ಮರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತೆ, ದೊಡ್ಡವು ನಿಧಾನಕ್ಕೆ ಸಾಯುತ್ತವೆ. ಮರುದಿನವೇ ನೋಡಿ ಔಷಧಿ ಸರಿಯಿಲ್ಲ ಅನ್ನಬೇಡಿ. ಮುಂದಿನ ಸಲ ಬೇರೆ ಗುಂಪಿನ ನುಸಿನಾಶಕ, ಪ್ರೊಪರ್ಗೈಟ್ ಹೊಡೆಯಿರಿ. ಒಂದನ್ನೇ ಹೊಡೆದರೆ ನುಸಿ ಬೇಗ ಒಗ್ಗಿಕೊಳ್ಳುತ್ತೆ. ನಾಜಲ್ ಮೇಲ್ಮುಖ ಮಾಡಿ ಎಲೆಯಡಿ ತೋಯಿಸಿ. ಬಹುತೇಕ ಜನ ತಪ್ಪೋದು ಇಲ್ಲೇ. ಹೊಡೆದು ಎಷ್ಟು ದಿನ ಬಿಟ್ಟು ಕಾಯಿ ಕೀಳಬೇಕು ಅನ್ನೋದು ಲೇಬಲ್‌ನಲ್ಲಿದೆ.

ಪ್ರಶ್ನೆ: ಬದನೆಯಲ್ಲಿ ನುಸಿ ತಡೆಯೋ ತಳಿ ಇಲ್ವಾ?

ಉತ್ತರ 1: ಟೊಮೆಟೊದ ಕೆಲವು ಕಾಡು ಬಳಗದ ಗಿಡಗಳ ಎಲೆಗೂದಲಿನ ತುದಿ ಅಂಟು ಸಕ್ಕರೆ ಒಸರುತ್ತೆ, ನುಸಿಯ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತೆ. ನುಸಿ ಕಚ್ಚಿದ ಗಿಡ ಜಾಸ್ಮೋನಿಕ್ ಆಮ್ಲ ಅನ್ನೋ ತನ್ನದೇ ಹಾರ್ಮೋನಿನ ಮೂಲಕ ಒಳಗಿನ ರಕ್ಷಣೆಯನ್ನೂ ಎಬ್ಬಿಸುತ್ತೆ. ಬದನೆಯ ಬರೀ ರೋಮ ನಂಬಬೇಡಿ, ಅಂಟಿಲ್ಲದ ರೋಮದ ನಡುವೆ ನುಸಿ ಹಾಯಾಗಿರುತ್ತೆ. ನುಸಿ ಹೆಚ್ಚದಂತೆ ಯೂರಿಯಾ ಹಾಕೋದರಲ್ಲಿ ಕೈ ಬಿಗಿಹಿಡಿಯಿರಿ, ರಸ್ತೆ ಬದಿ ಸಾಲಿನ ಧೂಳು ತೊಳೆಯಿರಿ.