ಕಾಕಾ ಕಳಿಸಿದ ವೀಡಿಯೊ

ಕಾಕಾ (ಮಾನ್ವಿ): ಈ ವೀಡಿಯೊ ಎಲ್ಲರೂ ನೋಡಿ. 2023ರಲ್ಲೇ ಜನಸಂಖ್ಯೆಯಲ್ಲಿ ಚೀನಾವನ್ನು ದಾಟಿದ್ದೇವೆ. ಇಷ್ಟು ಹುಡುಗರು ಯಾವ ದೇಶದಲ್ಲಿದ್ದಾರೆ? ಎಐನಲ್ಲಿ ಇನ್ನು ನಮ್ಮದೇ ಕಾಲ.

ಅಕ್ಕ (ರಾಯಚೂರು): ಕಾಕಾ, ತಲೆ ಎಣಿಸಿದರೆ ಆಗಲ್ಲ. ಕೆನಡಾದ ಜನ ಸುಮಾರು 4 ಕೋಟಿ. ನಮ್ಮ ಕರ್ನಾಟಕವೇ 2011ರಲ್ಲಿ 6 ಕೋಟಿ ದಾಟಿತ್ತು. ಆದರೂ ಇವತ್ತಿನ ಎಐಗೆ ಬುನಾದಿ ಹಾಕಿದ ಜೆಫ್ರಿ ಹಿಂಟನ್ ಇದ್ದದ್ದು ಟೊರೊಂಟೊದಲ್ಲಿ. ಮೆದುಳಿನ ನರಜಾಲದ ಮಾದರಿಯಲ್ಲಿ ಕಂಪ್ಯೂಟರ್‌ಗೆ ಕಲಿಸುವ ನ್ಯೂರಲ್ ನೆಟ್‌ವರ್ಕ್ ಅಂದರೆ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲೂ ಅಲ್ಲಿ ಅದಕ್ಕೆ ದುಡ್ಡು ಕೊಟ್ಟರು. 2024ರಲ್ಲಿ ಅವರಿಗೆ ನೊಬೆಲ್ ಬಂತು.

ತಮ್ಮ (ಬೆಂಗಳೂರು): ನಮ್ಮವರೂ ಕಮ್ಮಿ ಇಲ್ಲ ಅಕ್ಕಾ. ಚಾಟ್‌ಜಿಪಿಟಿಗೆ ದಾರಿ ಮಾಡಿದ 2017ರ ಪ್ರಬಂಧ ಬರೆದ 8 ಜನರಲ್ಲಿ ಆಶಿಶ್ ವಾಸ್ವಾನಿ, ನಿಕಿ ಪರ್ಮಾರ್ ಇಬ್ಬರೂ ಇಲ್ಲೇ ಇಂಜಿನಿಯರಿಂಗ್ ಓದಿದವರು.

ಅಕ್ಕ: ಹೌದು, ನನಗೂ ಹೆಮ್ಮೆ. ಆದರೆ ಮುಂದೆ ಓದೋಕೆ ಇಬ್ಬರೂ ಅಮೆರಿಕಕ್ಕೆ ಹೋಗಬೇಕಾಯಿತು, ಅಲ್ವಾ? ಚೀನಾ ನೋಡು. ಅಮೆರಿಕದ ಮ್ಯಾಕ್ರೋಪೋಲೋ ಅನ್ನೋ ಅಧ್ಯಯನ ಸಂಸ್ಥೆಯ ಲೆಕ್ಕದಲ್ಲಿ, ಮೇಲ್ಮಟ್ಟದ ಎಐ ಸಂಶೋಧಕರ ಪೈಕಿ ಚೀನಾದಲ್ಲಿ ಡಿಗ್ರಿ ಮಾಡಿದವರು 2019ರಲ್ಲಿ ನೂರಕ್ಕೆ 29. 2022ಕ್ಕೆ 47. ಆ ಮೂರು ವರ್ಷದಲ್ಲಿ ಅಲ್ಲೇನು ಜನ ಉಕ್ಕಿ ಹರಿದರಾ? 2022ರಲ್ಲಿ ಜನಸಂಖ್ಯೆ ಇಳಿಯಿತು.

ಕಾಕಾ: ಅಂದರೆ ನಮ್ಮ ಮಕ್ಕಳಿಗೆ ತಲೆ ಇಲ್ಲ ಅಂತೀಯಾ?

ಅಕ್ಕ: ಇದೆ ಕಾಕಾ, ಅದಕ್ಕೇ ಸಂಕಟ. ನಮ್ಮ ಶಾಲೆಯಲ್ಲಿ ಎರಡು ವರ್ಷದಿಂದ ಗಣಿತದ ಮೇಷ್ಟ್ರಿಲ್ಲ. ಕನ್ನಡ ಟೀಚರ್ ನಾನೇ ಲೆಕ್ಕ ಹೇಳಿಕೊಡ್ತೀನಿ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಿಂದಿನ ಪುಟ ತಂದು ತೋರಿಸಿದಳು. 7, 49, 343, 2401, 16807. 'ಕೊನೇ ಅಂಕಿ 7, 9, 3, 1, ಮತ್ತೆ 7. ಹಿಂಗ್ಯಾಕೆ ತಿರುಗಿ ಬರುತ್ತೆ ಟೀಚರ್?' ನನಗೆ ಉತ್ತರ ಗೊತ್ತಿರಲಿಲ್ಲ. ದಸರಾ ರಜೆ ಮುಗಿದರೂ ಅವಳು ಬಂದಿಲ್ಲ. ಹತ್ತಿ ಬಿಡಿಸೋಕೆ ಹೋಗ್ತಿದ್ದಾಳೆ.

ಕಾಕಾ: ನಮ್ಮ ರಾಯಚೂರಿಗೇ 2019ರಲ್ಲಿ ಐಐಐಟಿ ಬಂತಲ್ಲಮ್ಮ, ಕಂಪ್ಯೂಟರ್ ಓದಿಸೋ ದೊಡ್ಡ ಸಂಸ್ಥೆ.

ಅಕ್ಕ: ಬಂದದ್ದು ತುಂಬಾ ಒಳ್ಳೇದು. ಅದರ ಗೇಟಿನ ತನಕ ಇವಳು ಮುಟ್ಟಬೇಕಲ್ಲ. ತುಂಗಭದ್ರಾ ಡ್ಯಾಂ ತುಂಬಿತು ಅಂತ ಟಿವಿಯಲ್ಲಿ ತೋರಿಸಿದ ವರ್ಷವೂ ಕಾಲುವೆ ಕೊನೆಯ ನಿಮ್ಮ ಹೊಲಕ್ಕೆ ನೀರು ಬರದೆ ಎಷ್ಟು ಒದ್ದಾಡಿದ್ದೀರಿ! ಜನಸಂಖ್ಯೆ ಹೆಚ್ಚಾಯಿತು ಅಂತ ಖುಷಿಪಡೋದು ಅದೇ ಥರ.

ತಮ್ಮ: 7, 9, 3, 1ರ ಉತ್ತರ ನನಗೆ ಗೊತ್ತು ಅಕ್ಕಾ. ಭಾನುವಾರ ಫೋನಲ್ಲಿ ಅವಳಿಗೇ ಹೇಳಿಕೊಡಲಾ?

ಕಾಕಾ: ಅವಳು ಯಾವ ಊರವಳು? ಯಾರ ಹೊಲಕ್ಕೆ ಹೋಗ್ತಾಳೆ?

ಅಕ್ಕ: ನಿಮ್ಮ ಪಕ್ಕದ ಊರೇ ಕಾಕಾ. ನಾಳೆ ಅವರ ಮನೆಗೆ ಹೊರಟಿದ್ದೇನೆ. ನೀವೂ ಬನ್ನಿ, ನಿಮ್ಮ ಮಾತಾದರೆ ಅವರಪ್ಪ ಕೇಳ್ತಾನೆ.

ಕಾಕಾ: ಎಂಟಕ್ಕೆ ಬಸ್‌ಸ್ಟ್ಯಾಂಡ್ ಹತ್ತಿರ ಇರ್ತೀನಿ.