ಪತ್ರಿಕೆಯಲ್ಲಿ ಕಾನಾ ಇದೆ, ಮಳಸಮುದ್ರ ಏಕಿಲ್ಲ?

ಬೆಂಗಳೂರು ತಮ್ಮ: ಮದುವೆಯ ಆಮಂತ್ರಣ ಪತ್ರಿಕೆಯ ಕರಡನ್ನು ನಮ್ಮ ಮನೆಯವರ ಗುಂಪಿಗೆ ಹಾಕಿದ್ದೇನೆ. ಹೆಸರುಗಳನ್ನೂ ಆರಾಧನೆಯ ವೇಳೆಯನ್ನೂ ಹಿರಿಯರು ನೋಡಿ ತಿಳಿಸಬೇಕು. ನಾಳೆಯೇ ಅಚ್ಚಿಗೆ ಕೊಡಬೇಕಾಗಿದೆ.

ಗದಗ ಕಾಕಾ: ಹೆಸರುಗಳು ಸರಿಯಾಗಿವೆ. ಆದರೆ ನಮ್ಮ ಮನೆತನದ ಎಲ್ಲ ಮದುವೆಗಳ ಪತ್ರಿಕೆಯಲ್ಲಿ ಇರುತ್ತಿದ್ದ ‘ಸಾ॥ ಮಳಸಮುದ್ರ, ತಾ॥ ಜಿ॥ ಗದಗ’ ಎಂಬ ಸಾಲನ್ನು ತೆಗೆದು, ಅಲ್ಲಿ ನಿಮ್ಮ ಅಪಾರ್ಟ್‌ಮೆಂಟಿನ ಹೆಸರನ್ನು ಹಾಕಿಸಿದ್ದೀಯಲ್ಲ, ಅದು ಏಕೆ? ಪತ್ರಿಕೆಯ ನೆತ್ತಿಯ ಮೇಲೆ ಯೇಸು ಹೋಗಿದ್ದ ಗಲಿಲಾಯದ ಕಾನಾ ಊರಿನ ಮದುವೆಯ ಬೈಬಲ್ ವಚನವಿದೆ. ಸುವಾರ್ತೆ ಬರೆದ ಯೋಹಾನನು ಆ ಮದುಮಕ್ಕಳ ಹೆಸರನ್ನು ಬರೆಯದೆ, ಊರಿನ ಹೆಸರನ್ನು ಮಾತ್ರ ಬರೆದಿಟ್ಟಿದ್ದಾನೆ ಎಂಬುದನ್ನಾದರೂ ಗಮನಿಸಬೇಕಿತ್ತು.

ಬೆಂಗಳೂರು ತಮ್ಮ: ಕಾಕಾ, ನಾಚಿಕೆಯಿಂದ ತೆಗೆದದ್ದಲ್ಲ. ಅಲ್ಲಿ ನಮಗೆ ಈಗ ಮನೆಯೂ ಇಲ್ಲ, ಹೊಲವೂ ಇಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1840ರ ದಶಕದಲ್ಲಿ ಆ ಊರಿನಲ್ಲಿ ಕ್ರೈಸ್ತರಿಗಾಗಿ ಬೇಸಾಯದ ವಸತಿಯನ್ನು ಕಟ್ಟಲು ಹೋಗಿ, ಅದು ಬಾಳದೆ ಕೈಬಿಟ್ಟರು. ನಮ್ಮ ಅಜ್ಜ ದುಡಿಮೆ ಸಾಲದೆ ಬೆಟಗೇರಿಯ ಮಗ್ಗಕ್ಕೆ ಬಂದರು. ಹಳ್ಳಿ ಎಂದರೆ ಪುಣ್ಯಭೂಮಿ ಎಂದು ಸುವಾರ್ತೆಯೂ ಹೇಳುವುದಿಲ್ಲ. ಯೇಸು ಬೆಳೆದ ನಜರೇತಿನ ಜನರೇ ಆತನನ್ನು ಗುಡ್ಡದ ಅಂಚಿನಿಂದ ದೊಬ್ಬಲು ನೋಡಿದರು ಎಂದು ಲೂಕನು ಬರೆಯುತ್ತಾನೆ, ಆತನು ಕಪೆರ್ನೌಮಿಗೆ ಹೋಗಿ ನೆಲೆಸಿದನೆಂದು ಮತ್ತಾಯನು ಹೇಳುತ್ತಾನೆ. ಅಪೊಸ್ತಲ ಪೌಲನಂತೂ ತಾನು ತಾರ್ಸವೆಂಬ ಹೆಸರಾಂತ ಪಟ್ಟಣದವನೆಂದು ಅಭಿಮಾನದಿಂದಲೇ ಹೇಳಿಕೊಂಡವನು.

ಧಾರವಾಡ ಅಕ್ಕ: ತಮ್ಮ ಹೇಳಿದ್ದರಲ್ಲಿ ಹುರುಳಿದೆ. ಹಳ್ಳಿಯವರು ಹಳ್ಳಿಯವರನ್ನೇ ಹಗುರವಾಗಿ ಕಾಣುವುದೂ ಉಂಟು. ನಜರೇತಿನಿಂದ ಒಳ್ಳೆಯದೇನಾದರೂ ಬಂದೀತೇ ಎಂದು ಕೇಳಿದ ನತಾನಯೇಲನು ಯೆರೂಸಲೇಮಿನ ಪಂಡಿತನಾಗಿರಲಿಲ್ಲ, ಇದೇ ಕಾನಾ ಊರಿನವನಾಗಿದ್ದನು. ಆದರೆ ನೀನು ಪೌಲನನ್ನು ಅರ್ಧಕ್ಕೇ ಬಿಟ್ಟಿದ್ದೀಯ. ತಾರ್ಸದ ಮಾತು ಬೈಬಲಿನ ಅಪೊಸ್ತಲರ ಕೃತ್ಯಗಳ 21ನೆಯ ಅಧ್ಯಾಯದಲ್ಲಿ ಬರುತ್ತದೆ. ಮುಂದಿನ ಅಧ್ಯಾಯದಲ್ಲಿ ಅದೇ ಪೌಲನು, ದಮಸ್ಕದ ದಾರಿಯಲ್ಲಿ ತನ್ನೊಡನೆ ಮಾತನಾಡಿದವನು ತನ್ನನ್ನು ನಜರೇತಿನ ಯೇಸು ಎಂದೇ ಪರಿಚಯಿಸಿಕೊಂಡನೆಂದು ಜನರ ಮುಂದೆ ಹೇಳುತ್ತಾನೆ. ಪುನರುತ್ಥಾನದ ನಂತರದ ಮಾತು ಅದು. ದೊಬ್ಬಲು ಬಂದ ಊರಿನ ಹೆಸರನ್ನು ಆತನು ಆಗಲೂ ಬಿಟ್ಟುಕೊಡಲಿಲ್ಲ. ನಮ್ಮನ್ನು ಯಾರೂ ದೊಬ್ಬಿಲ್ಲವಲ್ಲ, ನಾವು ಬಿಡಲು ಅವಸರವೇಕೆ?

ಗದಗ ಕಾಕಾ: ಶಾಲೆಯ ಟೀಚರು ಮನೆಯಲ್ಲಿದ್ದರೆ ಇಷ್ಟಾದರೂ ಲಾಭ. ಇನ್ನು ನಾನು ಹೇಳುವುದೇನೂ ಉಳಿಯಲಿಲ್ಲ, ಸಾಲನ್ನು ಹಾಕಿಸಿಬಿಡು.

ಹುಬ್ಬಳ್ಳಿ ಅತ್ತಿ: ಅಣ್ಣಾ, ನಿಮ್ಮಿಂದ ಹೇಳಿಸಬೇಕಾದದ್ದು ಉಳಿದಿದೆ. ಕಳೆದ ವಾರ ನೀವೇ ಕಳುಹಿಸಿದ ಅತಿಥಿಗಳ ಪಟ್ಟಿಯಲ್ಲಿ ಮಳಸಮುದ್ರದ ದಾಯಾದಿಗಳ ಒಂದು ಮನೆಯೂ ಇಲ್ಲ. ಹಾಲ್ ಚಿಕ್ಕದು, ಅವರಿಗೆ ಆಮೇಲೆ ಊರಲ್ಲೇ ಊಟ ಹಾಕಿದರಾಯಿತು ಎಂದು ಫೋನಿನಲ್ಲಿ ಹೇಳಿದವರು ನೀವೇ. ಊರಿನ ಹೆಸರು ಪತ್ರಿಕೆಯಲ್ಲಿ ಬೇಕು, ಊರಿನ ಮಂದಿ ಪಂಕ್ತಿಯಲ್ಲಿ ಬೇಡ ಎಂದರೆ, ಹೆಸರನ್ನು ತೆಗೆದುಹಾಕಿದ ಹುಡುಗನೇ ನಿಮಗಿಂತ ಪ್ರಾಮಾಣಿಕ ಎನ್ನಬೇಕಾಗುತ್ತದೆ.

ಗದಗ ಕಾಕಾ: ಜಾಗದ ಲೆಕ್ಕ ಮಾಡಿ ಹೇಳಿದೆನೇ ಹೊರತು ಅವರನ್ನು ಕಡೆಗಣಿಸಬೇಕೆಂದಲ್ಲ. ಆರಾಧನೆಗೆ ಎಲ್ಲರೂ ಬರಲಿ ಎಂದೇ ನನ್ನ ಮನಸ್ಸಿನಲ್ಲಿತ್ತು.

ಹುಬ್ಬಳ್ಳಿ ಅತ್ತಿ: ಆರಾಧನೆಗೆ ಬಂದವರನ್ನು ಊಟಕ್ಕೆ ಕೂರಿಸದೆ ಕಳುಹಿಸಲಾಗುತ್ತದೆಯೇ?

ಬೆಂಗಳೂರು ತಮ್ಮ: ಸಾಲನ್ನು ಮೊದಲಿದ್ದಂತೆಯೇ ಹಾಕಿಸುತ್ತೇನೆ, ಅಪಾರ್ಟ್‌ಮೆಂಟಿನ ವಿಳಾಸ ಹಿಂಬದಿಗೆ ಹೋಗಲಿ. ಆಫೀಸಿನವರಿಗಾಗಿ ಹಿಡಿದಿಟ್ಟ ಮೂರು ಮೇಜುಗಳನ್ನು ಬಿಟ್ಟುಕೊಡುತ್ತೇನೆ. ಅವರಿಗೆ ಬೆಂಗಳೂರಿನಲ್ಲಿ ಬೇರೆಯಾಗಿ ಊಟ ಕೊಟ್ಟರೆ ನಡೆಯುತ್ತದೆ. ಆದರೆ ಮಳಸಮುದ್ರದಲ್ಲಿ ಪತ್ರಿಕೆ ಹಂಚಲು ನನಗೆ ಮನೆಗಳೇ ಗೊತ್ತಿಲ್ಲ. ಕಾಕಾ, ಶನಿವಾರ ನೀವು ಜೊತೆಗೆ ಬರಬೇಕು.

ಗದಗ ಕಾಕಾ: ಬರುತ್ತೇನೆ. ಕಾರನ್ನು ಊರ ಹೊರಗೇ ನಿಲ್ಲಿಸಿ, ನಡೆದುಕೊಂಡೇ ಮನೆ ಮನೆಗೆ ಹೋಗೋಣ.