ಸಹಾಯ ಬೇಕು: ಕರೆಂಟ್ ಬಂದರೂ ಕಂಟ್ರೋಲರ್ ತಾನಾಗಿ ಆನ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೆಂಟೆನೆನ್ಸ್ ಕೆಲಸ ಮಾಡುತ್ತೇನೆ. ನಮ್ಮ ಪ್ಯಾಕಿಂಗ್ ಲೈನಿನ ಪ್ಯಾನೆಲ್‌ನಲ್ಲಿ ಫ್ಯಾನ್ ಇಲ್ಲದ ಒಂದು ಎಂಬೆಡೆಡ್ ಕಂಟ್ರೋಲರ್ (ಲೈನ್ ನಡೆಸುವ ಚಿಕ್ಕ ಕಂಪ್ಯೂಟರ್) ಇದೆ, 24 ವೋಲ್ಟ್ ಸಪ್ಲೈ. ಗುರುವಾರ ವಾರದ ರಜೆ, ಮೇನ್ ಸ್ವಿಚ್ ಆಫ್ ಮಾಡಿರುತ್ತೇವೆ. ಶುಕ್ರವಾರ ಬೆಳಿಗ್ಗೆ ಆನ್ ಮಾಡಿದರೆ ಅದು ಸುಮ್ನೆ ಕೂತಿರುತ್ತದೆ. ಬಾಗಿಲು ತೆಗೆದು ಪವರ್ ಬಟನ್ ಒತ್ತಿದರೆ ಬೂಟ್ ಡಿವೈಸ್ (ವಿಂಡೋಸ್ ಶುರು ಮಾಡುವ ಡಿಸ್ಕ್) ಇಲ್ಲ ಅಂತ ತೋರಿಸುತ್ತದೆ. ಅಷ್ಟು ಹೊತ್ತು ಲೈನ್ ನಿಂತೇ ಇರುತ್ತದೆ.

ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪುಟದಲ್ಲಿ, ನೋಡಿದೆ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ 'ಪವರ್ ಆಫ್' ಆಗಿತ್ತು. 'ಪವರ್ ಆನ್' ಮಾಡಿದೆ. ನಮ್ಮದು ಹಳೇ ವಿಂಡೋಸ್, ಹಾಗಾಗಿ ಬೂಟ್ ಮೋಡ್ ಅನ್ನು ಹೊಸ ರೀತಿಯ ಯುಇಎಫ್‌ಐಯಿಂದ ಹಳೇ ರೀತಿಯ ಲೆಗಸಿಗೆ ತಂದು, ವಿಂಡೋಸ್ ಇರುವ ಎಸ್‌ಎಸ್‌ಡಿ ಡಿಸ್ಕನ್ನು ಮೊದಲಿಗೆ ಇಟ್ಟು ಸೇವ್ ಮಾಡಿದೆ. ವಾರವಿಡೀ ಸರಿ. ಮುಂದಿನ ಶುಕ್ರವಾರ ಮತ್ತೆ ಅದೇ, ಸೆಟ್ಟಿಂಗ್‌ಗಳು ಮೊದಲಿನಂತೆ ಆಗಿರುತ್ತವೆ, ಗಡಿಯಾರವೂ ಹಳೇ ತಾರೀಕಿಗೆ ಹೋಗಿರುತ್ತದೆ. ಕರೆಂಟ್ ಇಲ್ಲದಾಗ ಸೆಟ್ಟಿಂಗ್ ಮತ್ತು ಗಡಿಯಾರ ಉಳಿಸುವ ಒಳಗಿನ ಸಿಆರ್ 2032 ಸೆಲ್ ಅಳೆದೆ. 3 ವೋಲ್ಟ್ ಇರಬೇಕಾದದ್ದು 2.1 ಇದೆ. ಅದೇ ಕಾರಣ ಅಲ್ವಾ?

ಸೆಲ್ ಬದಲಿಸುತ್ತೇನೆ. ಆದರೆ ಈ ಸೆಟ್ಟಿಂಗ್‌ಗಳನ್ನು 'ಯೂಸರ್ ಡಿಫಾಲ್ಟ್' (ನಮ್ಮದೇ ಮೂಲ ಸೆಟ್ಟಿಂಗ್) ಆಗಿ ಸೇವ್ ಮಾಡಿದರೆ ಮುಂದೆ ಸೆಲ್ ಸತ್ತರೂ ಉಳಿಯುತ್ತವಾ? ಯಾರಾದರೂ ಮಾಡಿ ನೋಡಿದ್ದೀರಾ? ಇನ್ನೊಂದು, ಇದು ವೈರ್ ಮತ್ತು ಕನೆಕ್ಟರ್ ಇರುವ ಸೆಲ್. ಪುಣೆಯ ಬುಧವಾರ ಪೇಠೆ ಬಡಾವಣೆಯ ತಪಕೀರ್ ಗಲ್ಲಿಯಲ್ಲಿ ಒಳ್ಳೆಯದು ಸಿಗುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ಹೇಳಿ. ಬುಧವಾರದೊಳಗೆ ಹಾಕಬೇಕು.